ಹಳೆಯ ದೊಡ್ಡ ಕಾರು ಕೊಳ್ಳುವ ಮುನ್ನ ನೋಡತಕ್ಕ ಸಂಗತಿಗಳು



ಅಡಿಕೆಗೆ ಒಳ್ಳೆಯ ದರ ಸಿಕ್ಕ ವರ್ಷ ಮನೆಯಂಗಳದಲ್ಲಿ ಒಂದು ದೊಡ್ಡ ಕಾರು ನಿಲ್ಲಬೇಕೆಂಬ ಆಸೆ ಸಹಜವಾದದ್ದು. ಹೊಸದಾಗಿದ್ದಾಗ ಐವತ್ತು ಲಕ್ಷ ಬಾಳುತ್ತಿದ್ದ ಬೆಂಜ್, ಬಿ.ಎಂ.ಡಬ್ಲ್ಯು., ಆಡಿ ಕಾರುಗಳು ಹತ್ತು ವರ್ಷ ಕಳೆದ ಮೇಲೆ ಹೊಸ ಸಣ್ಣ ಕಾರಿನ ಬೆಲೆಗೆ ಬೆಳಗಾವಿ, ಕೊಲ್ಹಾಪುರ, ಗೋವಾಗಳಲ್ಲಿ ದೊರೆಯುತ್ತಿವೆ. ಇಂಥದನ್ನು ಕೊಳ್ಳಬಹುದೇ ಎಂದು ಸಂಘದ ಕಚೇರಿಯಲ್ಲಿ ವಿಚಾರಿಸುವ ಸದಸ್ಯರೂ ಇದ್ದಾರೆ. ಬೇಡವೆನ್ನುವುದು ಈ ಲೇಖನದ ಉದ್ದೇಶವಲ್ಲ. ಕತ್ತರಿಸಿ ನೋಡದೆ ಚಾಲಿಗೆ ದರ ಹೇಳದ ನಾವು ಕಾರಿನ ಹೊರಗಿನ ಹೊಳಪಿಗೆ ಮಾರುಹೋಗಬಾರದು ಎಂಬುದಷ್ಟೇ ಉದ್ದೇಶ.

ಮೊದಲಿಗೆ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಎಂಟು ಲಕ್ಷಕ್ಕೆ ಕೊಂಡ ಕಾರಿನ ಗೇರ್ ಬಾಕ್ಸ್ ಕೆಟ್ಟರೆ, ಅದನ್ನು ಐವತ್ತು ಲಕ್ಷದ ಕಾರಿನ ದರದಲ್ಲಿಯೇ ಸರಿಪಡಿಸಬೇಕು. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಈ ಕಾರಣಕ್ಕಾಗಿಯೇ.

1. ಕಾಗದಪತ್ರಗಳು

ನಮ್ಮದು ಗಡಿ ಸೀಮೆಯಾದ್ದರಿಂದ ಎಂ.ಎಚ್., ಜಿ.ಎ. ನಂಬರಿನ ಕಾರುಗಳು ಬಹಳ. 1988ರ ಮೋಟಾರು ವಾಹನ ಕಾಯಿದೆಯ 47ನೇ ಕಲಮಿನಂತೆ ಪರರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಲೇಬೇಕು. ಅದಕ್ಕೆ ಮೂಲ ಆರ್.ಟಿ.ಓ. ಕಚೇರಿಯಿಂದ ನಮೂನೆ 28ರಲ್ಲಿ ಎನ್.ಓ.ಸಿ. ಬೇಕು, ಜೊತೆಗೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಹಳೆಯ ಕಾರಿಗೆ ವಯಸ್ಸಿನ ಪ್ರಕಾರ ತೆರಿಗೆಯಲ್ಲಿ ಕಡಿತವುಂಟಾದರೂ ದೊಡ್ಡ ಕಾರಿಗೆ ಬರುವ ಮೊತ್ತ ಸಣ್ಣದಲ್ಲ. ಬೆಳಗಾವಿ ಆರ್.ಟಿ.ಓ. ಕಚೇರಿಯಲ್ಲಿ ಆ ಮೊತ್ತವನ್ನು ಕೇಳಿ, ಅದನ್ನು ಕಾರಿನ ಬೆಲೆಗೆ ಕೂಡಿಸಿದ ಮೇಲೆಯೇ 'ಅಗ್ಗ' ಎನ್ನಬೇಕು.

ದೆಹಲಿಯ ಕಾರುಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಓಡಾಟವನ್ನು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿಷೇಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಯ ಡೀಸೆಲ್ ಕಾರುಗಳು ಅಗ್ಗವಾಗಿ ಹೊರರಾಜ್ಯಗಳಿಗೆ ಬರಲು ಇದೊಂದು ಕಾರಣ. ಎನ್.ಓ.ಸಿ. ಕೈಗೆ ಬರುವ ತನಕ ಪೂರ್ತಿ ಹಣ ಕೊಡಕೂಡದು.

ಇವುಗಳನ್ನೂ ಪರಿಶೀಲಿಸಿರಿ:

(ಅ) ಆರ್.ಸಿ.ಯಲ್ಲಿರುವ ಚಾಸಿ, ಎಂಜಿನ್ ನಂಬರುಗಳು ಕಾರಿನ ಮೇಲಿನ ನಂಬರಿನೊಡನೆ ತಾಳೆಯಾಗಬೇಕು. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ವಾಹನದ ವಿವರ, ಬಾಕಿ ದಂಡಗಳನ್ನು ನೋಡಬಹುದು.

(ಆ) ಸಾಲದ ಮೇಲೆ ಕೊಂಡ ಕಾರಾಗಿದ್ದರೆ ಬ್ಯಾಂಕಿನ ಎನ್.ಓ.ಸಿ. ಮತ್ತು ನಮೂನೆ 35 ಇರಬೇಕು. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು.

(ಇ) ಹಕ್ಕು ಬದಲಾವಣೆಗೆ ನಮೂನೆ 29 ಮತ್ತು 30. ಕೊಂಡವರು 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ವಿಮೆಯನ್ನು ತಮ್ಮ ಹೆಸರಿಗೆ ಬದಲಿಸಲು 14 ದಿನಗಳೊಳಗೆ ಕಂಪನಿಗೆ ತಿಳಿಸಬೇಕು. ಮಾರಿದವರ 'ನೋ ಕ್ಲೇಮ್ ಬೋನಸ್' ಅವರದೇ, ಅದು ಕಾರಿನ ಜೊತೆ ಬಾರದು.

ತಮ್ಮ ಹಳೆಯ ಜೀಪು, ಕಾರು ಮಾರುವ ಸದಸ್ಯರೂ ಗಮನಿಸಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತವಾದರೆ ಅವರೇ ಹೊಣೆಗಾರರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

2. ನೀರು ಕಂಡ ಕಾರು

ನಮ್ಮ ಭಾಗದಲ್ಲಿ ಅತ್ಯಂತ ಮುಖ್ಯವಾದ ಪರೀಕ್ಷೆ ಇದು. 2019ರ ಆಗಸ್ಟಿನಲ್ಲಿ ಕೃಷ್ಣಾ, ಪಂಚಗಂಗಾ ನದಿಗಳು ಉಕ್ಕಿ ಬೆಳಗಾವಿ ಜಿಲ್ಲೆ, ಕೊಲ್ಹಾಪುರ, ಸಾಂಗಲಿಗಳು ಮುಳುಗಿದವು. 2021ರ ಜುಲೈಯಲ್ಲಿ ಕೊಲ್ಹಾಪುರ, ಚಿಪಳೂಣಗಳಲ್ಲಿ ಮತ್ತೆ ನೆರೆ ಬಂತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಶ್ರೀಮಂತ ಬಡಾವಣೆಗಳಲ್ಲಿ ಬೆಲೆಬಾಳುವ ಕಾರುಗಳೇ ನೀರಿನಲ್ಲಿ ನಿಂತಿದ್ದವು. ನೀರು ಹೊಕ್ಕ ಕಾರನ್ನು ತೊಳೆದು, ಒಣಗಿಸಿ, ಪಾಲಿಶ್ ಮಾಡಿದರೆ ಕಣ್ಣಿಗೆ ಏನೂ ಕಾಣದು. ಆದರೆ ಈ ಕಾರುಗಳಲ್ಲಿ ವಿದ್ಯುನ್ಮಾನ ಪೆಟ್ಟಿಗೆಗಳು ಸೀಟಿನ ಕೆಳಗೆ, ಡಿಕ್ಕಿಯ ಮೂಲೆಯಲ್ಲಿ, ಕಾರ್ಪೆಟ್ಟಿನ ಅಡಿಯಲ್ಲಿ ಇರುವುದುಂಟು. ಅವುಗಳಿಗೆ ತಗುಲಿದ ತೇವ ತಿಂಗಳುಗಳ ನಂತರ ತೊಂದರೆ ಕೊಡಬಲ್ಲದು.

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿರಿ. ಕಾರ್ಪೆಟ್ ಎತ್ತಿ ಮುಟ್ಟಿರಿ. ಸೀಟಿನ ಕಂಬಿ, ಸ್ಟೆಪ್ನಿಯ ಗುಂಡಿ, ಡ್ಯಾಶ್‌ಬೋರ್ಡಿನ ಒಳಗಿನ ಮೊಳೆಗಳಲ್ಲಿ ತುಕ್ಕಿದೆಯೇ, ದೀಪದ ಗಾಜಿನೊಳಗೆ ಮಂಜು ಕಟ್ಟಿದೆಯೇ ನೋಡಿರಿ. ಕಿಟಕಿ ಮುಚ್ಚಿ ಹತ್ತು ನಿಮಿಷ ಬಿಟ್ಟು ಒಳಗೆ ಕುಳಿತರೆ ಮುಗ್ಗಲು ವಾಸನೆ ತಾನಾಗಿ ತಿಳಿಯುತ್ತದೆ. ವಿಪರೀತ ಸುಗಂಧ ಹೊಡೆದಿದ್ದರೂ ಸಂಶಯಪಡಬೇಕು. ಹಿಂದಿನ ವಿಮಾ ಕ್ಲೇಮುಗಳ ವಿವರವನ್ನು ಮಾರುವವರಿಂದ ತಪ್ಪದೆ ಕೇಳಿ ಪಡೆಯಿರಿ.

3. ಎಂಜಿನ್, ಗೇರ್ ಬಾಕ್ಸ್

ಎಂಜಿನ್ ತಣ್ಣಗಿರುವಾಗಲೇ ನಿಮ್ಮೆದುರು ಚಾಲೂ ಮಾಡಿಸಬೇಕು. ನೀವು ಹೋಗುವಷ್ಟರಲ್ಲಿ ಬಿಸಿ ಮಾಡಿಟ್ಟಿದ್ದರೆ ಮರುದಿನ ಬೆಳಿಗ್ಗೆ ಹೋಗಿರಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ಬಂದರೆ ನೀರು ಒಳಗೆ ಸೇರುತ್ತಿರಬಹುದು. ನಿಂತಲ್ಲೇ ಬ್ರೇಕ್ ಒತ್ತಿ ಡಿ.ಯಿಂದ ಆರ್.ಗೆ ಬದಲಿಸಿದಾಗ ಕಾರು ಧಡ್ಡೆಂದು ಹೊಡೆದುಕೊಳ್ಳಬಾರದು.

ಒಂದೊಂದು ಕಾರಿಗೂ ತನ್ನದೇ ದೌರ್ಬಲ್ಯವಿರುತ್ತದೆ. 2007ರ ಬಳಿಕ ಬಂದ ಬಿ.ಎಂ.ಡಬ್ಲ್ಯು. ಎನ್47 ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಗೇರ್ ಬಾಕ್ಸ್ ಕಡೆಗಿದೆ. ಅದು ಸವೆದರೆ ದೊಡ್ಡ ಕೆಲಸ. ಆ ಭಾಗದಿಂದ ಕಿರ್ರೆಂಬ ಸದ್ದು ಬಂದರೆ ಬಿಟ್ಟುಬಿಡುವುದೇ ಲೇಸು. ಗಾಳಿಯ ಸಸ್ಪೆನ್ಷನ್ ಇರುವ ಬೆಂಜ್ ಕಾರನ್ನು ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿರಿ. ಒಂದು ಮೂಲೆ ಕುಸಿದಿದ್ದರೆ ಗಾಳಿಚೀಲ ಸೋರುತ್ತಿದೆ. ಸ್ಕೋಡಾ ಸುಪರ್ಬ್ ಪೆಟ್ರೋಲ್ ಕಾರುಗಳ ಏಳು ಗೇರಿನ ಡಿ.ಎಸ್.ಜಿ.ಯಲ್ಲಿ ಕ್ಲಚ್ ಮತ್ತು ಮೆಕಟ್ರಾನಿಕ್ ಭಾಗಗಳನ್ನು ಪರೀಕ್ಷಿಸಬೇಕು.

ಕೊನೆಗೆ ಆ ಕಂಪನಿಯ ಕಾರು ಬಲ್ಲ ಮೆಕ್ಯಾನಿಕ್‌ನಿಂದ ಸ್ಕ್ಯಾನರ್ ಹಾಕಿಸಿರಿ. ಮೀಟರ್ ತಿರುಗಿಸಿದ್ದರೂ ಎಷ್ಟೋ ಕಾರುಗಳಲ್ಲಿ ನಿಜವಾದ ಕಿಲೋಮೀಟರು ಬೇರೆ ಪೆಟ್ಟಿಗೆಗಳಲ್ಲಿ ಉಳಿದಿರುತ್ತದೆ. ಈ ಪರೀಕ್ಷೆ ಹಣ ಕೊಡುವ ಮುಂಚೆಯೇ ಆಗಬೇಕು. ಕೊಟ್ಟ ಮೇಲೆ ಮಾಡಿಸುವುದು ಕಾಯಿ ಉದುರಿದ ಮೇಲೆ ಬೋರ್ಡೋ ಹೊಡೆದಂತೆ.

4. ನಮ್ಮ ರಸ್ತೆಗೆ ಹೊಂದುವುದೇ?

ಬೆಳಗಾವಿ ಕೋಟೆ ಕೆರೆಯ ಬಳಿ ಒಂದು ಸುತ್ತು ಓಡಿಸಿದರೆ ಏನೂ ತಿಳಿಯದು. ನಾಲ್ಕು ಜನರನ್ನು ಕೂರಿಸಿಕೊಂಡು ಖಾನಾಪುರ, ಜಾಂಬೋಟಿ ಕಡೆಗೆ ತನ್ನಿರಿ. ಸಾಧ್ಯವಾದರೆ ತೋಟದ ದಾರಿಯಲ್ಲಿ ಮನೆಯ ತನಕ ತನ್ನಿರಿ. ಈ ಕಾರುಗಳ ಹೊಟ್ಟೆ ನೆಲಕ್ಕೆ ಹತ್ತಿರ. ಮಳೆಗಾಲದ ಹೊಂಡದಲ್ಲಿ ಆಯಿಲ್ ಪ್ಯಾನ್ ತಗುಲಿತೆಂದರೆ ಎಂಜಿನ್ನಿಗೇ ಅಪಾಯ.

ಟೈರಿನ ಮೇಲಿನ ನಾಲ್ಕಂಕಿ ನೋಡಿರಿ. '2321' ಎಂದಿದ್ದರೆ 2021ರ 23ನೇ ವಾರದ ಟೈರು. ರನ್‌ಫ್ಲ್ಯಾಟ್ ಟೈರಿನ ಎಷ್ಟೋ ಕಾರುಗಳಿಗೆ ಸ್ಟೆಪ್ನಿಯೇ ಇರುವುದಿಲ್ಲ. ರಾತ್ರಿ ವೇಳೆ ಅನಮೋಡ ಘಟ್ಟದಲ್ಲಿ ಟೈರು ಹರಿದರೆ ಏನು ಮಾಡುವುದೆಂದು ಮೊದಲೇ ಯೋಚಿಸಬೇಕು. ಆ ಕಂಪನಿಯ ವರ್ಕ್‌ಶಾಪ್ ಬೆಳಗಾವಿಯಲ್ಲಿದೆಯೇ, ಇಲ್ಲವೇ ಹುಬ್ಬಳ್ಳಿಗೋ ಗೋವಾಕ್ಕೋ ಒಯ್ಯಬೇಕೇ ಎಂಬುದನ್ನೂ ವಿಚಾರಿಸಿಕೊಳ್ಳಿರಿ.

5. ಹಣದ ಲೆಕ್ಕ

ಕಾರಿನ ಬೆಲೆ, ತೆರಿಗೆ, ವಿಮೆ, ನಾಲ್ಕು ಟೈರು, ಬ್ಯಾಟರಿ ಇವಿಷ್ಟನ್ನೂ ಕೂಡಿಸಿರಿ. ಮೇಲೆ ಕಾರಿನ ಬೆಲೆಯ ನಾಲ್ಕನೆಯ ಒಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆ ಇಡಿರಿ. ಈ ಮೊತ್ತ ಮುಂದಿನ ಹಂಗಾಮಿನ ಗೊಬ್ಬರ, ಕೊಯ್ಲಿನ ಕೂಲಿ ಮತ್ತು ಔಷಧಿಯ ಹಣವನ್ನು ಮುಟ್ಟದೆ ಹೊಂದುವಂತಿದ್ದರೆ ಮಾತ್ರ ಮುಂದುವರಿಯಬೇಕು. ಬೆಳೆಸಾಲದ ಹಣವನ್ನು ಇದಕ್ಕೆ ತಿರುಗಿಸಿದರೆ ಕಾರು ಗ್ಯಾರೇಜಿನಲ್ಲಿ, ಸಾಲ ಸುಸ್ತಿಯಲ್ಲಿ ನಿಲ್ಲುವ ಸಂಭವವುಂಟು. ಬೆಳೆ ಬರುವುದು ವರ್ಷಕ್ಕೊಮ್ಮೆ. ರಿಪೇರಿ ಯಾವಾಗ ಬೇಕಾದರೂ ಬಂದೀತು.

ವ್ಯವಹಾರ ಕುದುರಿದರೆ ಮುಂಗಡಕ್ಕೆ ರಸೀದಿ ಪಡೆದು, ಉಳಿದ ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿರಿ. ಕೊಳ್ಳುವ ಮೊದಲು ಕಾಗದಪತ್ರಗಳ ಪ್ರತಿಗಳನ್ನು ಕಚೇರಿಗೆ ತಂದರೆ ಓದಿ ವಿವರಿಸಲು ಸಿದ್ಧನಿದ್ದೇನೆ.

— ಕಾರ್ಯದರ್ಶಿ