ಪಾಠ: ಚಳಿಗಾಲದ ಕಣವೂ ಮನೆಯ ಮಳೆ ಪುಸ್ತಕವೂ

ಮಳೆ ಅಳೆದು ಬರೆದಿಡುವುದು ನಮ್ಮ ಮಲೆನಾಡಿನ ತೋಟದ ಮನೆಗಳ ಹಳೆಯ ಹವ್ಯಾಸ. ‘ನಿನ್ನೆ ಎರಡು ಇಂಚು ಹತ್ತು ಸೆಂಟು’ ಎಂದು ಒಬ್ಬರು ಹೇಳಿದರೆ, ‘ನಮ್ಮಲ್ಲಿ ಅಷ್ಟಿಲ್ಲ’ ಎಂದು ಆಚೆ ಮನೆಯವರು ತಮ್ಮ ಲೆಕ್ಕ ತೆಗೆಯುತ್ತಾರೆ. ಆದರೆ ಮಳೆಗಾಲ ಮುಗಿದೊಡನೆ ಮಾಪಕ ಅಟ್ಟ ಸೇರುವ ಮನೆಗಳೂ ಉಂಟು. ಸಣ್ಣ ಬೆಳೆಗಾರರಾದ ನಮಗೆ ಮಾಪಕದ ನಿಜವಾದ ಪ್ರಯೋಜನ ಚಳಿಗಾಲದಲ್ಲೇ ಹೆಚ್ಚು ಎಂಬುದು ಈ ಪಾಠದ ಸಾರ.

ಕೆಲಸ ಬದಲಾದ ಬಗೆ

ಹಿಂದೆ ಅಡಿಕೆ ಸುಲಿಯಲು ಮುಯ್ಯಾಳು ಬರುತ್ತಿದ್ದರು. ಕಣ ಕಾಯಲು ಮನೆಯಲ್ಲಿ ನಾಲ್ಕು ಜನ ಇರುತ್ತಿದ್ದರು. ಈಗ ಸುಲಿಯುವ ಯಂತ್ರ ಬಂದಿದೆ, ಮಕ್ಕಳು ಪೇಟೆ ಸೇರಿದ್ದಾರೆ. ಅನೇಕ ಮನೆಗಳಲ್ಲಿ ಕಾಫಿ ಹರಡುವುದು, ಮಗುಚುವುದು, ಸಂಜೆ ಮುಚ್ಚುವುದು ಎಲ್ಲವೂ ಇಬ್ಬರ ಪಾಲಿಗೆ ಬಂದಿದೆ. 1996ರ ವೇಳೆಗೆ ಕಾಫಿ ಪೂಲ್ ಪದ್ಧತಿ ಪೂರ್ಣವಾಗಿ ಕೊನೆಗೊಂಡ ಮೇಲೆ ಯಾವಾಗ, ಯಾರಿಗೆ ಮಾರಬೇಕೆಂಬ ಹೊಣೆಯೂ ನಮ್ಮದೇ ಆಯಿತು. ಒಂದು ರಾತ್ರಿಯ ಮಳೆ ಚೆರಿಗೆ ಬೂಸ್ಟು ತರುತ್ತದೆ, ಪಾರ್ಚ್‌ಮೆಂಟಿನ ಬಣ್ಣ ಕೆಡಿಸುತ್ತದೆ, ಚಾಲಿಯನ್ನು ಕಪ್ಪಾಗಿಸುತ್ತದೆ. ಹೋಗುವುದು ವರ್ಷದ ದುಡಿಮೆ.

ಇದು ಬರಿಯ ಭಯವಲ್ಲ. 2021ರ ಜನವರಿಯಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಕೊಯ್ಲಿನ ನಡುವೆಯೇ ಅಕಾಲ ಮಳೆ ಬಂತು. ಹಣ್ಣು ಇನ್ನೂ ಗಿಡದಲ್ಲಿರುವಾಗಲೇ ರೋಬಸ್ಟಾ ಹೂ ಬಿಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಅರೇಬಿಕಾ ಕೊಯ್ಲಿಗೂ ಮಳೆ ಕಾಡಿತು.

ಮಾಪಕ ಮಾಡುವ ಕ್ರಮ

ಅಂಗಡಿಯ ಮಾಪಕ ಇಲ್ಲದಿದ್ದರೂ ಚಿಂತೆಯಿಲ್ಲ. ಬಾಯಿಯ ಅಡ್ಡಳತೆ 11.3 ಸೆಂ.ಮೀ. ಇರುವ ಒಂದು ಲಾಳಿಕೆಯನ್ನು ಬಾಟಲಿಗೆ ಕೂಡಿಸಿ. ಆ ಬಾಯಿಯ ವಿಸ್ತೀರ್ಣ 100 ಚದರ ಸೆಂ.ಮೀ. ಆಗುವುದರಿಂದ ಬಾಟಲಿಗೆ ಇಳಿದ ಪ್ರತಿ 10 ಮಿ.ಲೀ. ನೀರು 1 ಮಿ.ಮೀ. ಮಳೆಗೆ ಸಮ. ಅಳೆಯಲು ಔಷಧಿಯ ಅಳತೆ ಬಟ್ಟಲು ಸಾಕು. ಹಳೆಯ ಲೆಕ್ಕ ಬೇಕೆನ್ನುವವರಿಗೆ 25.4 ಮಿ.ಮೀ. ಎಂದರೆ ಒಂದು ಇಂಚು, ಅಂದರೆ 100 ಸೆಂಟು.

ಮಾಪಕವನ್ನು ಬಯಲಿನಲ್ಲಿ, ನೆಲದ ನೀರು ಸಿಡಿಯದಷ್ಟು ಎತ್ತರದಲ್ಲಿ, ಬಾಯಿ ಸಮಮಟ್ಟವಾಗಿರುವಂತೆ ನಿಲ್ಲಿಸಬೇಕು. ಮರ ಅಥವಾ ಮಾಡು ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬಿಡುವುದು ಒಳ್ಳೆಯದು. ದಿನವೂ ಬೆಳಿಗ್ಗೆ 8.30ಕ್ಕೆ ನೋಡಿ ಆ ದಿನದ ತಾರೀಖಿಗೆ ಬರೆಯಿರಿ. ಮಳೆ ಇಲ್ಲದ ದಿನ ಸೊನ್ನೆ ಬರೆಯಿರಿ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನೋಡಲು ಮರೆತೆವೋ ತಿಳಿಯದು.

ಇಬ್ಬನಿಯ ಲೆಕ್ಕ

ಮಳೆಯ ಜೊತೆಗೆ ಇಬ್ಬನಿಯನ್ನೂ ‘ಇಲ್ಲ, ಸ್ವಲ್ಪ, ಜೋರು’ ಎಂದು ಬರೆದಿಡಿ. ಆಕಾಶ ತಿಳಿಯಾಗಿ ಗಾಳಿ ನಿಂತ ರಾತ್ರಿ ನೆಲದ ಬಿಸಿ ಬೇಗ ಹೊರಹೋಗುತ್ತದೆ. ಕಣ ತಣ್ಣಗಾಗಿ ಗಾಳಿಯಲ್ಲಿನ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ಮೋಡ ಕವಿದ ರಾತ್ರಿ ಹೀಗಾಗುವುದು ಕಡಿಮೆ. ತಣ್ಣನೆಯ ಗಾಳಿ ಭಾರವಾದ್ದರಿಂದ ತಗ್ಗಿಗೆ ಇಳಿಯುತ್ತದೆ. ಗದ್ದೆ ಬದಿಯ ಕಣಕ್ಕಿಂತ ದಿಬ್ಬದ ಕಣ ಬೇಗ ಆರುವುದಕ್ಕೆ ಇದೊಂದು ಕಾರಣ.

ಆದ್ದರಿಂದ ಬಿಸಿಲು ಇಳಿಯುವ ಮೊದಲೇ ಕಾಫಿಯನ್ನು ರಾಶಿ ಮಾಡಿ ಮುಚ್ಚಬೇಕು. ಬರಿಯ ಪ್ಲಾಸ್ಟಿಕ್ ಹೊದಿಸಿದರೆ ಒಳಗಿನ ತೇವವೇ ಬೆವರಾಗಿ ಕಾಳಿನ ಮೇಲೆ ತೊಟ್ಟಿಕ್ಕುತ್ತದೆ. ಮೊದಲು ಗೋಣಿತಾಟು, ಅದರ ಮೇಲೆ ಟಾರ್ಪಾಲು ಹೊದಿಸಿ. ಬೆಳಿಗ್ಗೆ ಕಣದ ತೇವ ಪೂರ್ತಿ ಆರಿದ ಮೇಲೆಯೇ ಹರಡಿ. ಒದ್ದೆ ಕಣದ ಮೇಲೆ ಅವಸರದಿಂದ ಹರಡಿದರೆ ನಿನ್ನೆ ಆರಿಸಿದ್ದನ್ನು ಇಂದು ಮತ್ತೆ ಆರಿಸಬೇಕಾಗುತ್ತದೆ.

ಪುಸ್ತಕದಿಂದ ತಿಳಿಯುವುದೇನು?

ಒಳ್ಳೆಯ ಬಿಸಿಲಿನಲ್ಲಿ ಪಾರ್ಚ್‌ಮೆಂಟ್ ಒಣಗಲು 7ರಿಂದ 10 ದಿನ, ಚೆರಿಗೆ ಸುಮಾರು ಎರಡು ವಾರ ಅಥವಾ ಇನ್ನೂ ಹೆಚ್ಚು, ಚಾಲಿಗೆ 35ರಿಂದ 40 ದಿನ ಬೇಕು. ನಮ್ಮ ಕಣಕ್ಕೆ ನಿಜವಾಗಿ ಎಷ್ಟು ದಿನ ಹಿಡಿಯಿತು ಎಂಬುದು ನಮ್ಮ ಪುಸ್ತಕಕ್ಕೆ ಮಾತ್ರ ಗೊತ್ತು. ಹರಡಿದ ದಿನ, ಮುಚ್ಚಿದ ಹೊತ್ತು, ಒಂದೇ ಡಬ್ಬದಲ್ಲಿ ಅಳೆದ ಕಾಫಿಯ ತೂಕ ಇವನ್ನೂ ಬರೆಯುತ್ತಾ ಹೋಗಿ. ಬಿಸಿಲು ಬಿದ್ದ ಎರಡು ಮೂರು ದಿನ ತೂಕ ಒಂದೇ ಆಗಿ ನಿಂತರೆ ಒಣಗಿದೆ ಎಂದು ತಿಳಿಯಬಹುದು. ಎರಡು ಮೂರು ವರ್ಷದ ಪುಟಗಳನ್ನು ಎದುರಿಟ್ಟುಕೊಂಡರೆ ಒಂದು ದಿನಕ್ಕೆ ಎಷ್ಟು ಕೊಯ್ದರೆ ಕಣ ತಾಳುತ್ತದೆ ಎಂಬ ಅಂದಾಜು ಸಿಗುತ್ತದೆ. ಆಳು ಕಡಿಮೆ ಇರುವವರಿಗೆ ಈ ಅಂದಾಜೇ ಬಲ.

ಕೊಯ್ಲು ಮುಗಿದ ಮೇಲೆ ಇದೇ ಪುಸ್ತಕ ಹೂಮಳೆಗೆ ಬೇಕು. ಮೊಗ್ಗು ಸರಿಯಾಗಿ ಅರಳಲು ಸುಮಾರು ಒಂದು ಇಂಚು ಮಳೆ ಬೇಕು. ‘ಊರಿಗೆಲ್ಲ ಮಳೆ ಬಂತು’ ಎಂಬ ಮಾತನ್ನು ನಂಬಿ ತುಂತುರು ನೀರಾವರಿ ನಿಲ್ಲಿಸಬಾರದು. ಒಂದೇ ಮಳೆ ಗುಡ್ಡದ ಆಚೆ ಒಂದಿಂಚು, ಈಚೆ ಮೂವತ್ತು ಸೆಂಟು ಬೀಳುವುದುಂಟು. ನಮ್ಮ ಬಾಟಲಿಯಲ್ಲಿ ಎಷ್ಟಿದೆ ಎಂಬುದನ್ನು ನೋಡಿಯೇ ನೀರಿನ ಕೊರತೆ ತುಂಬಬೇಕು.

ಅಭ್ಯಾಸ

1. ಮೇಲೆ ಹೇಳಿದ ಮಾಪಕದಲ್ಲಿ 180 ಮಿ.ಲೀ. ನೀರಿದೆ. ಮಳೆ ಎಷ್ಟು? (ಉತ್ತರ: 18 ಮಿ.ಮೀ., ಸುಮಾರು 71 ಸೆಂಟು.)

2. ಆ ಮಳೆಯಿಂದ 200 ಚದರ ಮೀಟರ್ ಕಣದ ಮೇಲೆ ಬಿದ್ದ ನೀರೆಷ್ಟು? ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಎಂದರೆ 1 ಲೀಟರ್. (ಉತ್ತರ: 3,600 ಲೀಟರ್.)

ಎರಡನೆಯ ಉತ್ತರವನ್ನು ನೋಡಿದ ಮೇಲೆ ಕಣದ ಇಳಿಜಾರು ಸರಿಯಿದೆಯೇ, ನೀರು ಹೋಗುವ ಕಂಡಿಯಲ್ಲಿ ತರಗೆಲೆ ಕಟ್ಟಿದೆಯೇ ಎಂದು ಇಂದೇ ಒಮ್ಮೆ ನೋಡಿಬನ್ನಿ. ಅಟ್ಟದಲ್ಲಿರುವ ಮಾಪಕವನ್ನೂ ಕೆಳಗಿಳಿಸಿ.