ಕೋಷ್ಠಕದಲ್ಲಿ ಬೆರಳಿನ ಶಿಸ್ತು



ಜೂನ್ ತಿಂಗಳ ಮಳೆಯ ಲೆಕ್ಕವನ್ನು ಗಣಕಯಂತ್ರದ ಕೋಷ್ಠಕದಲ್ಲಿ ಬರೆಯಬೇಕೆಂದು ಭಾವಿಸಿರಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ಕಂಬಸಾಲುಗಳು. ದಿನಕ್ಕೊಂದರಂತೆ 30 ಅಡ್ಡಸಾಲುಗಳು. ಒಟ್ಟು 90 ಮನೆಗಳು. ಘಟ್ಟಕ್ಕೆ ಸಮೀಪವಾದ ಶೃಂಗೇರಿಯಲ್ಲಿ ಮಳೆ ಹೆಚ್ಚು; ಈಶಾನ್ಯಕ್ಕಿರುವ ನರಸಿಂಹರಾಜಪುರದಲ್ಲಿ ಕಡಮೆ. ಬೆರಳು ತಪ್ಪಿ ಅಂಕೆಯು ಪಕ್ಕದ ಮನೆಗೆ ಬಿದ್ದರೆ, ಒಂದೂರಿನ ಮಳೆ ಮತ್ತೊಂದೂರಿನಲ್ಲಿ ಸುರಿದಂತಾಗುವುದು.

ಎಕ್ಸೆಲಿನಲ್ಲಿ ಅಂಕೆಯನ್ನು ಬರೆದು ಎಂಟರ್ ಒತ್ತಿದರೆ ಸಾಮಾನ್ಯವಾಗಿ ಕೆಳಗಣ ಮನೆಗೂ, ಟ್ಯಾಬ್ ಒತ್ತಿದರೆ ಬಲಗಡೆಯ ಮನೆಗೂ ಹೋಗುವೆವು. ಶಿಫ್ಟ್ ಹಿಡಿದು ಇವನ್ನೇ ಒತ್ತಿದರೆ ಒಂದು ಮನೆ ಹಿಂದಿರುಗುವೆವು. ಆದಕಾರಣ, ಬರೆಯುವ ಮುನ್ನ ಮೊದಲನೆಯ ಮನೆಯಲ್ಲಿ ನಿಂತು, ಶಿಫ್ಟ್ ಹಿಡಿದು, ಬಾಣದ ಕೀಲಿಗಳಿಂದ 90 ಮನೆಗಳನ್ನೂ ಆರಿಸಿಕೊಳ್ಳಿರಿ. ಬಳಿಕ ಪ್ರತಿ ಅಂಕೆಗೂ ಟ್ಯಾಬನ್ನೇ ಒತ್ತುತ್ತ ಬನ್ನಿರಿ. ಮೂರನೆಯ ಊರಿನ ಅಂಕೆ ಮುಗಿದೊಡನೆ ಮರುದಿನದ ಸಾಲಿನ ಮೊದಲ ಮನೆಗೆ ತಾನಾಗಿ ಬರುವಿರಿ. ಎಲ್ಲೆಯನ್ನು ದಾಟುವ ಭಯವಿಲ್ಲ. ನಡುವೆ ಬರಿಯ ಬಾಣದ ಕೀಲಿಯನ್ನು ಒತ್ತಿದರೆ ಮಾತ್ರ ಆರಿಸಿದ್ದು ಅಳಿದುಹೋಗುವುದು. ಆಗ ಪುನಃ ಆರಿಸಬೇಕು.

ಮಳೆ ಬಾರದ ದಿನಕ್ಕೆ ಸೊನ್ನೆಯನ್ನು ಬರೆಯಿರಿ; ಬರಿದಾದ ಮನೆಯು ಅಳೆಯಲೇ ಇಲ್ಲವೆಂಬ ಅರ್ಥವನ್ನು ಕೊಡುವುದು. ತಪ್ಪು ಅಂಕೆಯನ್ನು ಯಂತ್ರವು ಅರಿಯದು. ಆದುದರಿಂದ ಕಡೆಯಲ್ಲಿ ಒಬ್ಬಳು ಓದಲಿ, ಇನ್ನೊಬ್ಬಳು ಸರಿನೋಡಲಿ.

ಮುಂದೆ ನಿಮ್ಮಲ್ಲಿ ಕೆಲವರು ಉಪಾಧ್ಯಾಯಿನಿಯರಾಗಿ ಅಂಕಪಟ್ಟಿಯನ್ನು ಬರೆಯುವಿರಿ. ಅಲ್ಲಿ ಒಂದು ಮನೆ ತಪ್ಪಿದರೆ ಒಬ್ಬ ಬಾಲಕಿಯ ವರುಷದ ಶ್ರಮವು ಬೇರೊಬ್ಬಳ ಹೆಸರಿಗೆ ಸೇರುವುದು. ಇಂದೇ ಅಲ್ಪದರಲ್ಲಿ ನಂಬಿಗಸ್ತರಾಗಿರುವುದನ್ನು ಕಲಿಯಿರಿ.