ಹಸಿರು ಚುಕ್ಕೆ, ಹಸಿರು 'ವಿ' ಮತ್ತು ಹಾಲು: ಬೇಕರಿ ಪೊಟ್ಟಣಗಳ ಬರಹವನ್ನು ಓದುವ ಬಗೆ

ಕನ್ನಡಿಗರ ಆಹಾರಕಲ್ಪನೆಯಲ್ಲಿ 'ಸಸ್ಯಾಹಾರ' ಎಂಬ ಪದವು ಹಾಲನ್ನು ಎಂದೂ ಹೊರಗಿಟ್ಟದ್ದಲ್ಲ. ಮುಂಬಯಿಯ ಮಾಟುಂಗದಲ್ಲಾಗಲಿ, ಚೆನ್ನೈಯ ತ್ಯಾಗರಾಯನಗರದಲ್ಲಾಗಲಿ ಉಡುಪಿ ಹೋಟೆಲೊಂದರ ಮುಂದೆ 'ಶುದ್ಧ ಸಸ್ಯಾಹಾರಿ' ಎಂಬ ಫಲಕವಿದ್ದರೆ ಒಳಗೆ ತುಪ್ಪದ ದೋಸೆಯೂ ಮೊಸರುವಡೆಯೂ ಹಾಲು ಬೆರೆಸಿದ ಕಾಫಿಯೂ ದೊರೆಯುವುವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಸೇರಿ ಪಂಚಾಮೃತವಾಗುವ ಸಂಪ್ರದಾಯದಲ್ಲಿ ಬೆಳೆದವರಿಗೆ 'ಹಾಲು ಸಸ್ಯಾಹಾರವೇ?' ಎಂಬ ಪ್ರಶ್ನೆಯೇ ವಿಚಿತ್ರವಾಗಿ ತೋರುತ್ತದೆ.

ಆ ವಿಚಿತ್ರ ಪ್ರಶ್ನೆಯು ಈಗ ಮಹಾನಗರಗಳ ಸೂಪರ್ ಮಾರ್ಕೆಟ್ಟಿನ ಬಿಸ್ಕತ್ತು, ಬ್ರೆಡ್ಡು, ಕೇಕುಗಳ ಸಾಲಿನಲ್ಲಿ ಗೃಹಿಣಿಯರನ್ನು ಎದುರುಗೊಳ್ಳುತ್ತಿದೆ. 'ವೀಗನ್' ಎಂಬುದು ಆ ಸಾಲಿನ ಹೊಸ ಮಾತು. 1944ರ ನವೆಂಬರಿನಲ್ಲಿ ಬ್ರಿಟನ್ನಿನ ಡೊನಾಲ್ಡ್ ವಾಟ್ಸನ್ ಮತ್ತು ಅವರ ಕೆಲವು ಸಂಗಡಿಗರು, ಹಾಲು ಮೊಟ್ಟೆಗಳನ್ನೂ ತ್ಯಜಿಸಿದ ಸಸ್ಯಾಹಾರಿಗಳಿಗಾಗಿ ಒಂದು ಸಂಘವನ್ನು ಸ್ಥಾಪಿಸಿದಾಗ, ಆಂಗ್ಲದ 'ವೆಜಿಟೇರಿಯನ್' ಪದದ ಮೊದಲ ಮೂರು ಮತ್ತು ಕೊನೆಯ ಎರಡು ಅಕ್ಷರಗಳನ್ನು ಕೂಡಿಸಿ ಈ ಪದವನ್ನು ರಚಿಸಲಾಯಿತು. ಪ್ರಾಣಿಯಿಂದ ಬಂದ ಯಾವುದನ್ನೂ, ಎಂದರೆ ಮಾಂಸ, ಮೀನು, ಮೊಟ್ಟೆಗಳ ಜೊತೆಗೆ ಹಾಲು, ತುಪ್ಪ, ಜೇನುಗಳನ್ನೂ, ಬಳಸದ ಆಹಾರವೆಂಬುದು ಇದರ ತಾತ್ಪರ್ಯ.

ಇಂತಹ ಪೊಟ್ಟಣವನ್ನು ಹುಡುಕುವವರು ಒಂದೇ ಬಗೆಯವರಲ್ಲ. ಗೊಂದಲದ ಬಹುಭಾಗ ಇಲ್ಲಿಂದಲೇ ಆರಂಭವಾಗುತ್ತದೆ. ಕೆಲವರು ತತ್ತ್ವನಿಷ್ಠೆಯಿಂದ ವೀಗನ್ನರು. ಕಾಲೇಜಿಗೆ ಹೋಗುವ ಮಕ್ಕಳಲ್ಲಿ ಇಂಥವರನ್ನು ಈಗ ಅನೇಕ ಮನೆಗಳಲ್ಲಿ ಕಾಣಬಹುದು. ಕೆಲವರಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಕಿಣ್ವದ ಕೊರತೆಯಿರುತ್ತದೆ. ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ ಉಂಟಾಗುತ್ತವೆ, ಆದರೆ ಅಲ್ಪ ಪ್ರಮಾಣವನ್ನು ಇವರಲ್ಲಿ ಹಲವರು ಸಹಿಸಬಲ್ಲರು. ಮೂರನೆಯವರು ಹಾಲಿನ ಪ್ರೋಟೀನುಗಳಿಗೆ ಅಲರ್ಜಿಯುಳ್ಳವರು, ವಿಶೇಷವಾಗಿ ಮಕ್ಕಳು. ಇವರ ದೇಹದ ರಕ್ಷಣಾವ್ಯವಸ್ಥೆಯು ಹಾಲಿನ ಕೇಸೀನ್ ಮೊದಲಾದ ಪ್ರೋಟೀನುಗಳನ್ನು ಶತ್ರುವೆಂದು ಭಾವಿಸಿ ಪ್ರತಿಭಟಿಸುತ್ತದೆ. ತುರಿಕೆ, ಬಾವು, ಉಸಿರಾಟದ ತೊಂದರೆಗಳಾಗಿ, ತೀವ್ರ ಪ್ರಸಂಗಗಳಲ್ಲಿ ಪ್ರಾಣಾಪಾಯವೂ ಸಂಭವಿಸಬಹುದು. ಒಲೆಯ ಶಾಖದಲ್ಲಿ ಹಾಲಿನ ದೋಷವೆಲ್ಲ ಹೋಗುತ್ತದೆಂದು ಹೇಳುವ ಹಿರಿಯರುಂಟು. ಬೇಯಿಸಿದ ಹಾಲು ಒಗ್ಗುವ ಮಕ್ಕಳು ಇರುವುದು ನಿಜ, ಒಗ್ಗದವರೂ ಇದ್ದಾರೆ; ಯಾವ ಮಗು ಯಾವ ವರ್ಗದ್ದೆಂದು ನಿರ್ಣಯಿಸುವ ಕಾರ್ಯ ತಜ್ಞ ವೈದ್ಯರದು. ಪೊಟ್ಟಣದ ಮೇಲಿನ ಒಂದು ತಪ್ಪು ಓದಿನಿಂದ ಮೊದಲನೆಯವನಿಗೆ ಮನಸ್ಸಿನ ಕ್ಲೇಶ, ಎರಡನೆಯವನಿಗೆ ಹೊಟ್ಟೆಯ ಕ್ಲೇಶ. ಮೂರನೆಯವನು ಆಸ್ಪತ್ರೆಗೆ ಸೇರಬೇಕಾಗಬಹುದು.

ಕಾನೂನು ಏನನ್ನು ಹೇಳುತ್ತದೆ?

ಭಾರತದಲ್ಲಿ ಪೊಟ್ಟಣದ ಆಹಾರಕ್ಕೆ ಸಸ್ಯಾಹಾರ, ಮಾಂಸಾಹಾರಗಳ ಗುರುತನ್ನು ಕಡ್ಡಾಯಗೊಳಿಸುವ ಅಧಿಸೂಚನೆಗಳು 2001ರಲ್ಲಿ ಹೊರಟವು. ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರಕ್ಕೆ, ಕಂದು ಚುಕ್ಕೆ ಮಾಂಸಾಹಾರಕ್ಕೆ ಎಂದು ಗೊತ್ತಾಯಿತು. 2020ರ ಲೇಬಲ್ ನಿಯಮಗಳು ಕಂದು ಚುಕ್ಕೆಯನ್ನು ಕಂದು ತ್ರಿಕೋನವನ್ನಾಗಿ ಬದಲಿಸಿದವು. ಹಸಿರು ಕಂದುಗಳ ಭೇದ ಕಾಣದ ವರ್ಣಾಂಧರಿಗೆ ಇದರಿಂದ ಉಪಕಾರವಾಗಿದೆ. ನಿಯಮದ ವ್ಯಾಖ್ಯೆಯನ್ನು ಗಮನವಿಟ್ಟು ಓದತಕ್ಕದ್ದು. ಪ್ರಾಣಿ, ಪಕ್ಷಿ, ಜಲಚರಗಳ ಅಂಶವಾಗಲಿ, ಮೊಟ್ಟೆಯಾಗಲಿ, ಪ್ರಾಣಿಮೂಲದ ಬೇರಾವ ವಸ್ತುವಾಗಲಿ ಇದ್ದರೆ ಅದು ಮಾಂಸಾಹಾರ. ಆದರೆ ಹಾಲು, ಹಾಲಿನ ಉತ್ಪನ್ನಗಳು, ಜೇನು, ಜೇನುಮೇಣ ಮತ್ತು ಅರಗಿನಿಂದ ತೆಗೆದ ಶೆಲ್ಯಾಕ್ ಈ ವ್ಯಾಖ್ಯೆಯಿಂದ ಹೊರಗೆ. ಅಂದರೆ ತುಪ್ಪದಲ್ಲಿಯೇ ಕಲಸಿದ ಬಿಸ್ಕತ್ತಿಗೂ ಹಸಿರು ಚುಕ್ಕೆ ನ್ಯಾಯವಾಗಿಯೇ ಸಲ್ಲುತ್ತದೆ. ಹಾಲಿನ ವಿಷಯದಲ್ಲಿ ಆ ಚುಕ್ಕೆ ಏನನ್ನೂ ಹೇಳುತ್ತಿಲ್ಲ.

ಈ ಕೊರತೆಯನ್ನು ತುಂಬಲು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರ ಜೂನ್‌ನಲ್ಲಿ ವೀಗನ್ ಆಹಾರಗಳಿಗೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಚೌಕದೊಳಗೆ ಹಸಿರು ಬಣ್ಣದ ಆಂಗ್ಲ 'ವಿ' ಅಕ್ಷರ, ಅದಕ್ಕೆ ಒಂದು ಎಲೆ, ಕೆಳಗೆ 'ವೀಗನ್' ಎಂಬ ಪದ: ಇದು ಅಧಿಕೃತ ಚಿಹ್ನೆ. ಈ ಚಿಹ್ನೆಯ ಆಹಾರದಲ್ಲಿ ಘಟಕ ಪದಾರ್ಥಗಳಷ್ಟೇ ಅಲ್ಲದೆ ಸುವಾಸನೆ, ಕಿಣ್ವ, ತಯಾರಿಕೆಯ ಸಹಾಯಕ ವಸ್ತುಗಳು ಕೂಡ ಪ್ರಾಣಿಮೂಲದವಾಗಿರಕೂಡದು. ತಯಾರಿಕೆಯ ಯಾವ ಹಂತದಲ್ಲಿಯೂ ಅವನ್ನು ಬಳಸಿರಬಾರದು. ಹಸಿರು ಚುಕ್ಕೆಗೂ ಹಸಿರು 'ವಿ'ಗೂ ಇರುವ ಅಂತರವು ಇಷ್ಟು ದೊಡ್ಡದಾಗಿದ್ದರೂ, ಎರಡೂ ಚೌಕದೊಳಗಿನ ಹಸಿರು ಗುರುತುಗಳೇ ಆದುದರಿಂದ ಅವಸರದ ಕಣ್ಣಿಗೆ ಒಂದೇ ಆಗಿ ಕಾಣುತ್ತವೆ. ಬಣ್ಣವನ್ನಾದರೂ ಬೇರೆ ಆರಿಸಬಹುದಾಗಿತ್ತು.

ಹೆಸರು ಬೇರೆ, ಒಡಲು ಬೇರೆ

ಅಂಗಡಿಯ ಸಾಲಿನಲ್ಲಿ ಅತಿ ಹೆಚ್ಚು ಮೋಸಹೋಗುವುದು 'ಎಗ್‌ಲೆಸ್' ಎಂಬ ಮಾತಿನಿಂದ. ಮೊಟ್ಟೆಯಿಲ್ಲದ ಕೇಕು, ಹಸಿರು ಚುಕ್ಕೆ ಬೇರೆ. ರಜೆಗೆ ಬಂದ ವೀಗನ್ ಮೊಮ್ಮಗಳಿಗೆ ಇದಕ್ಕಿಂತ ಯೋಗ್ಯವಾದುದು ಯಾವುದೆಂದು ಅಜ್ಜಿ ಸಂತೋಷದಿಂದ ಕೊಳ್ಳುತ್ತಾರೆ. ಆದರೆ ಕೇಕಿನಲ್ಲಿ ಮೊಟ್ಟೆ ಮಾಡುತ್ತಿದ್ದ ಕೆಲಸವನ್ನು, ಅಂದರೆ ಹಿಟ್ಟನ್ನು ಹಿಡಿದಿಟ್ಟು ಮೆದುವಾಗಿಸುವುದನ್ನು, ಬೇರೊಂದು ವಸ್ತು ಮಾಡಬೇಕಲ್ಲವೇ? ಆ ಸ್ಥಾನಕ್ಕೆ ಸಾಮಾನ್ಯವಾಗಿ ಬರುವುದು ಕಂಡೆನ್ಸ್ಡ್ ಮಿಲ್ಕ್, ಮೊಸರು ಅಥವಾ ಹಾಲಿನ ಪುಡಿ. ಮೊಟ್ಟೆ ಹೋದಲ್ಲಿ ಹಾಲು ಹೆಚ್ಚಾಗುವುದು ಭಾರತೀಯ ಬೇಕರಿಯ ರೂಢಿ.

ಎರಡನೆಯ ಬಲೆ 'ನಾನ್-ಡೇರಿ' ಎಂಬುದು. ಹುಟ್ಟುಹಬ್ಬದ ಕೇಕಿನ ಮೇಲೆ ಹಚ್ಚುವ ಬಿಳಿಯ ಕ್ರೀಮು ಬಹುಮಟ್ಟಿಗೆ ಸಸ್ಯದ ಎಣ್ಣೆಯಿಂದ ತಯಾರಾದದ್ದು. ಹೀಗಿದ್ದರೂ ಇಂತಹ ಕೆಲವು ಕ್ರೀಮುಗಳಲ್ಲಿ ಸೋಡಿಯಂ ಕೇಸಿನೇಟ್ ಎಂಬ ವಸ್ತುವಿರುತ್ತದೆ. ಅದು ಹಾಲಿನ ಪ್ರೋಟೀನಿನಿಂದಲೇ ಬಂದದ್ದು. ಹಾಲಿನ ಕೊಬ್ಬಿಲ್ಲದ ಮಾತ್ರಕ್ಕೆ ಹಾಲೇ ಇಲ್ಲವೆಂದಾಗದು. ಅದರಂತೆಯೇ 'ಡೇರಿ-ಫ್ರೀ' ಎಂದಿದ್ದರೆ ಹಾಲಿಲ್ಲ, ಮೊಟ್ಟೆಯಿರಬಹುದು. 'ಪ್ಲಾಂಟ್-ಬೇಸ್ಡ್' ಎಂಬ ಮಾತು ವೀಗನ್ ಚಿಹ್ನೆಗೆ ಬದಲಿಯಾಗಲಾರದು. ಓಟ್ಸ್, ರಾಗಿ, ಬಹುಧಾನ್ಯವೆಂದು ಬರೆದ ಬಿಸ್ಕತ್ತುಗಳು ನೋಡಲು ಸಾತ್ತ್ವಿಕವಾಗಿದ್ದರೂ ಜೇನನ್ನೋ ಹಾಲಿನ ಪುಡಿಯನ್ನೋ ಒಳಗೊಂಡಿರುವುದುಂಟು.

ಇನ್ನು ಭಯಪಡಬೇಕಾಗಿಲ್ಲದ ಹೆಸರುಗಳೂ ಇವೆ. ಕೋಕೋ ಬಟರ್ ಕೋಕೋ ಬೀಜದ ಕೊಬ್ಬು. ಪೀನಟ್ ಬಟರ್ ಶೇಂಗಾದ ಮುದ್ದೆ. ಕ್ರೀಮ್ ಆಫ್ ಟಾರ್ಟರ್ ಎಂಬುದು ದ್ರಾಕ್ಷಾರಸದ ಉದ್ಯಮದಿಂದ ದೊರೆಯುವ ಲವಣ, ಕ್ರೀಮಿಗೂ ಅದಕ್ಕೂ ಸಂಬಂಧವಿಲ್ಲ. ಲ್ಯಾಕ್ಟಿಕ್ ಆಮ್ಲದ ಹೆಸರಿನಲ್ಲಿ ಹಾಲಿನ ವಾಸನೆಯಿದ್ದರೂ ಉದ್ಯಮಗಳಲ್ಲಿ ಅದನ್ನು ಸಾಮಾನ್ಯವಾಗಿ ಸಸ್ಯಮೂಲದ ಸಕ್ಕರೆಯನ್ನು ಹುದುಗಿಸಿ ಪಡೆಯುತ್ತಾರೆ. ಎರಡು ಬಿಸ್ಕತ್ತುಗಳ ನಡುವಿನ 'ಕ್ರೀಮು' ಸಾಮಾನ್ಯವಾಗಿ ಸಕ್ಕರೆ ಮತ್ತು ಸಸ್ಯಜನ್ಯ ಕೊಬ್ಬಿನ ಮಿಶ್ರಣ. ಬೇಕಾದರೆ ಹಾಲನ್ನು ಮೇಲುಕೆಳಗಿನ ಬಿಸ್ಕತ್ತುಗಳಲ್ಲಿ ಹುಡುಕಬೇಕು.

ಆದುದರಿಂದ ಪೊಟ್ಟಣದ ಮುಖಪುಟದ ದೊಡ್ಡಕ್ಷರಗಳಿಗಿಂತ ಬೆನ್ನಿನ ಸಣ್ಣಕ್ಷರಗಳೇ ಪ್ರಮಾಣ. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದ ಮೊತ್ತವೇ ಸಲ್ಲುವುದೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ವಿಧಿಸಿದೆ. ಬಿಸ್ಕತ್ತಿಗೂ ಅಂತಹದೊಂದು ನಿಯಮವನ್ನು ಗ್ರಾಹಕರು ತಮ್ಮ ಮಟ್ಟಿಗೆ ಮಾಡಿಕೊಳ್ಳುವುದು ಒಳಿತು. ಘಟಕ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯತಕ್ಕದ್ದೆಂಬುದು ಕಾನೂನು. ಮೈದಾ, ಸಕ್ಕರೆ, ತಾಳೆ ಎಣ್ಣೆಗಳು ಮೊದಲಿರುತ್ತವೆ. ಹಾಲು ಬಹುಧಾ ಕೊನೆಯಲ್ಲಿ, ವೇಷ ಮರೆಸಿಕೊಂಡಂತೆ ಕುಳಿತಿರುತ್ತದೆ. ಮಿಲ್ಕ್ ಸಾಲಿಡ್ಸ್, ಸ್ಕಿಮ್ಡ್ ಮಿಲ್ಕ್ ಪೌಡರ್, ವೇ ಪೌಡರ್, ಕೇಸಿನೇಟ್, ಬಟರ್ ಆಯಿಲ್, ಲ್ಯಾಕ್ಟೋಸ್, ಈ ಹೆಸರುಗಳೆಲ್ಲ ಹಾಲಿನ ಮನೆತನದವೇ. ಈ ವಿವರಗಳು ಆಂಗ್ಲದಲ್ಲಾಗಲಿ ದೇವನಾಗರಿಯ ಹಿಂದಿಯಲ್ಲಾಗಲಿ ಇದ್ದರೆ ಕಾನೂನಿಗೆ ಸಾಕು. ಕನ್ನಡವನ್ನು ಮಾತ್ರ ಬಲ್ಲ ಹಿರಿಯರಿಗೆ ಊರಿನಲ್ಲಿಯೂ ಪರಊರಿನಲ್ಲಿಯೂ ಈ ಪಟ್ಟಿ ಮೂಕವಾಗಿಯೇ ಉಳಿದಿರುವುದು ವಿಷಾದಕರ. ಮೇಲಿನ ಆರು ಹೆಸರುಗಳನ್ನು ಆಂಗ್ಲ ಅಕ್ಷರಗಳಲ್ಲಿ ಒಂದು ಕಾಗದದ ಮೇಲೆ ಬರೆದು ಅವರ ಸಂಚಿಯಲ್ಲಿಟ್ಟರೆ, ಅಕ್ಷರದ ಆಕಾರವನ್ನು ಹೋಲಿಸಿಯಾದರೂ ನೋಡಿಕೊಳ್ಳಬಹುದು.

ಸಂಖ್ಯೆಗಳ ಮಾತು ಬೇರೆ. ಬ್ರೆಡ್ಡು, ಕೇಕುಗಳಲ್ಲಿ ಕಾಣುವ 471 ಎಂಬ ಸಂಖ್ಯೆಯು ಎಣ್ಣೆ ನೀರುಗಳನ್ನು ಬೆರೆಸುವ ವಸ್ತುವಿನದು. ಅದನ್ನು ಸಸ್ಯದ ಎಣ್ಣೆಯಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ತಯಾರಿಸಬಹುದು. 322 ಎಂಬ ಲೆಸಿಥಿನ್ ಸೋಯಾದಿಂದಲೂ ಬರುತ್ತದೆ, ಮೊಟ್ಟೆಯ ಹಳದಿಯಿಂದಲೂ ಬರುತ್ತದೆ. ಸಂಖ್ಯೆಯನ್ನು ಮಾತ್ರ ನೋಡಿದರೆ ಮೂಲ ತಿಳಿಯದು. 2021ರ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಇಂತಹ ವಸ್ತುಗಳನ್ನು ಸಂಕೇತ ಸಂಖ್ಯೆಯಿಂದಷ್ಟೇ ಸೂಚಿಸದೆ, ಅವುಗಳ ಮೂಲ ಸಸ್ಯವೋ ಪ್ರಾಣಿಯೋ ಪ್ರಯೋಗಶಾಲೆಯೋ ಎಂಬುದನ್ನೂ ತಿಳಿಸಬೇಕೆಂದು ಆದೇಶಿಸಿತು. ಇಲ್ಲಿ ಹಸಿರು ಚುಕ್ಕೆ ಉಪಯೋಗಕ್ಕೆ ಬರುತ್ತದೆ: ಹಸಿರು ಚುಕ್ಕೆಯಿದ್ದ ಪೊಟ್ಟಣದಲ್ಲಿ ಪಶುವಿನ ಕೊಬ್ಬಿನ 471 ಆಗಲಿ ಮೊಟ್ಟೆಯ ಲೆಸಿಥಿನ್ ಆಗಲಿ ಕಾನೂನುಬದ್ಧವಾಗಿ ಇರುವಂತಿಲ್ಲ. ಆದರೆ ಜೇನುಮೇಣದ 901, ಶೆಲ್ಯಾಕಿನ 904 ಹಸಿರು ಚುಕ್ಕೆಯ ಅಡಿಯಲ್ಲಿಯೇ ಇರಬಹುದು. ಹೊಳಪಿಗಾಗಿ ಸವರುವ ಈ ಎರಡೂ ವೀಗನ್ನರಿಗೆ ವರ್ಜ್ಯ.

'ಇರಬಹುದು' ಎಂಬ ಮಾತು

ಹಸಿರು 'ವಿ' ಇದ್ದ ಪೊಟ್ಟಣದ ಹಿಂಬದಿಯಲ್ಲಿಯೇ 'ಹಾಲಿನ ಅಂಶ ಇರಬಹುದು' ಎಂಬ ಎಚ್ಚರಿಕೆಯನ್ನು ಕಂಡು ಅನೇಕರು ಇದು ವಂಚನೆಯೆಂದು ಭಾವಿಸುತ್ತಾರೆ. ವಂಚನೆಯಲ್ಲ, ಎರಡು ಬೇರೆ ಪ್ರಶ್ನೆಗಳಿಗೆ ಎರಡು ಉತ್ತರಗಳು. ತಯಾರಕನು ಬುದ್ಧಿಪೂರ್ವಕವಾಗಿ ಏನನ್ನು ಬಳಸಿದನೆಂಬುದನ್ನು ಚಿಹ್ನೆ ಹೇಳುತ್ತದೆ. ಅದೇ ಕಾರ್ಖಾನೆಯಲ್ಲಿ ಹಾಲಿನ ಬಿಸ್ಕತ್ತೂ ತಯಾರಾಗುತ್ತಿದ್ದರೆ ಗಾಳಿಯಲ್ಲಿಯೋ ಯಂತ್ರದ ಸಂದಿಯಲ್ಲಿಯೋ ಉಳಿದ ಪುಡಿ ಸೇರಬಹುದೆಂಬುದನ್ನು ಎಚ್ಚರಿಕೆ ಹೇಳುತ್ತದೆ. ಎರಡು ಬಗೆಯ ತಿನಿಸಿಗೆ ಒಂದೇ ಯಂತ್ರಸಾಲನ್ನು ಬಳಸುವುದನ್ನು ವೀಗನ್ ನಿಯಮಗಳು ನಿಷೇಧಿಸಿಲ್ಲ, ಸಮರ್ಪಕವಾಗಿ ತೊಳೆಯಬೇಕೆಂದು ವಿಧಿಸಿವೆ. ತತ್ತ್ವನಿಷ್ಠ ವೀಗನ್ನನಿಗೆ ಇಷ್ಟು ಸಾಕು. ಅಲರ್ಜಿಯುಳ್ಳ ಮಗುವಿಗೆ ಸಾಲದು.

ಸಾಲದೆಂಬುದಕ್ಕೆ ಬ್ರಿಟನ್ನಿನ ಒಂದು ದಾರುಣ ಪ್ರಸಂಗ ಸಾಕ್ಷಿಯಾಗಿದೆ. 2017ರ ಡಿಸೆಂಬರ್ 27ರಂದು ಬಾತ್ ನಗರದಲ್ಲಿ ಹಾಲಿನ ತೀವ್ರ ಅಲರ್ಜಿಯಿದ್ದ 42 ವರ್ಷದ ಮಹಿಳೆಯೊಬ್ಬರು ತರಕಾರಿ ತುಂಬಿದ ಚಪ್ಪಟೆ ರೊಟ್ಟಿಯೊಂದನ್ನು ತಿಂದು ಕೆಲವೇ ಹೊತ್ತಿನಲ್ಲಿ ತೀರಿಕೊಂಡರು. ಅದರಲ್ಲಿದ್ದ ಮೊಸರು ತೆಂಗಿನದು, ಹಾಲಿಲ್ಲದ್ದೆಂದೇ ಮಾರಾಟವಾಗಿದ್ದದ್ದು. 2022ರಲ್ಲಿ ಮುಗಿದ ಮರಣವಿಚಾರಣೆಯಲ್ಲಿ, ಆ ಮೊಸರನ್ನು ಗಟ್ಟಿಗೊಳಿಸಲು ಬಳಸಿದ ಪಿಷ್ಟಕ್ಕೆ ಹಾಲಿನ ಪ್ರೋಟೀನು ಸೇರಿಕೊಂಡಿತ್ತೆಂಬುದು ಹೊರಬಂತು. ರೊಟ್ಟಿ ಮಾರಿದವರು, ಮೊಸರು ಮಾಡಿದವರು, ಪಿಷ್ಟ ಒದಗಿಸಿದವರು ಹೀಗೆ ಮೂರು ಕೈ ದಾಟಿ ಬಂದ ಕಲ್ಮಷವದು. 'ವೀಗನ್', 'ಇಂತಹದ್ದು ಇಲ್ಲ' ಎಂಬ ಬರಹಗಳನ್ನು ಜನ ನಂಬುವುದರಿಂದ ಅವುಗಳ ಹಿಂದೆ ದೃಢವಾದ ಪರೀಕ್ಷಾಕ್ರಮವಿರಬೇಕೆಂದು ವಿಚಾರಣಾಧಿಕಾರಿ ಸೂಚಿಸಿದರು. ವೀಗನ್ ಚಿಹ್ನೆಯನ್ನು ಅಲರ್ಜಿಯ ಸುರಕ್ಷಾಪತ್ರವೆಂದು ತಿಳಿಯಬಾರದೆಂದು ಆ ದೇಶದ ಆಹಾರ ಇಲಾಖೆಯೂ ಬಳಿಕ ಜನರನ್ನು ಎಚ್ಚರಿಸಿದೆ.

ಭಾರತದ 2020ರ ನಿಯಮಗಳಂತೆ ಅಂಟು ಪ್ರೋಟೀನುಳ್ಳ ಧಾನ್ಯಗಳು, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಗಳು, ಶೇಂಗಾ ಮತ್ತು ಗೋಡಂಬಿ-ಬಾದಾಮಿಯಂತಹ ಬೀಜಗಳು, ಸೋಯಾ, ಹಾಗೂ ಕಿಲೋಗ್ರಾಮಿಗೆ 10 ಮಿಲಿಗ್ರಾಮ್ ಅಥವಾ ಹೆಚ್ಚಿನ ಸಲ್ಫೈಟ್ ಇದ್ದರೆ ಪ್ರತ್ಯೇಕವಾಗಿ ತಿಳಿಸಬೇಕು. ಘಟಕಗಳ ಪಟ್ಟಿಯ ಸಮೀಪದಲ್ಲಿ 'ಕಂಟೇನ್ಸ್' ಅಥವಾ 'ಮೇ ಕಂಟೇನ್' ಎಂದು ಆರಂಭವಾಗುವ ಸಾಲು ಅದೇ. ಅಲರ್ಜಿಯಿದ್ದ ಮನೆಯಲ್ಲಿ ಮೊದಲು ಓದಬೇಕಾದದ್ದು ಆ ಸಾಲನ್ನು, ಅದೂ ಪ್ರತಿ ಸಲ ಕೊಳ್ಳುವಾಗಲೂ. ತಯಾರಕರು ಹೊದಿಕೆಯ ಚಿತ್ರವನ್ನು ಬದಲಿಸದೆಯೇ ಒಳಗಿನ ಮಿಶ್ರಣವನ್ನು ಬದಲಿಸಬಹುದು.

ವೀಗನ್ ಎಂದ ಮಾತ್ರಕ್ಕೆ ಆರೋಗ್ಯಕರವೆಂದು ಬಗೆಯುವುದು ಇನ್ನೊಂದು ಭ್ರಮೆ. ಬೆಣ್ಣೆಯ ಬದಲು ತಾಳೆ ಎಣ್ಣೆ ಬಂದರೆ ಅದರಲ್ಲಿಯೂ ಸುಮಾರು ಅರ್ಧದಷ್ಟು ಸಂತೃಪ್ತ ಕೊಬ್ಬೇ. ಮೈದಾ ಮೈದಾವೇ, ಸಕ್ಕರೆ ಸಕ್ಕರೆಯೇ. ಹಾಲನ್ನು ಸಂಪೂರ್ಣ ಬಿಟ್ಟವರು ಬಿ12 ಜೀವಸತ್ತ್ವದ ಕಡೆಗೆ ಗಮನ ಕೊಡಬೇಕು. ಮಾಂಸ ಮೊಟ್ಟೆ ತಿನ್ನದ ಕುಟುಂಬಗಳಲ್ಲಿ ಅದರ ಮುಖ್ಯ ಆಕರ ಹಾಲು ಮೊಸರುಗಳೇ ಆಗಿರುವುದರಿಂದ, ವೈದ್ಯರ ಸಲಹೆಯಂತೆ ಮಾತ್ರೆಯನ್ನೋ ಬಲವರ್ಧಿತ ಆಹಾರವನ್ನೋ ಆಶ್ರಯಿಸುವುದು ಅವಶ್ಯ.

ಚೀಟಿಯೇ ಇಲ್ಲದ ತಿನಿಸುಗಳ ವಿಷಯ ಉಳಿಯಿತು. ಮುಂಬಯಿಯ ಪಾವ್ ಮೂಲತಃ ಮೈದಾ, ಯೀಸ್ಟು, ಉಪ್ಪು, ನೀರು, ಸ್ವಲ್ಪ ಸಕ್ಕರೆ ಮತ್ತು ಎಣ್ಣೆಯ ಸರಳ ಪದಾರ್ಥ. ಆದರೂ ಬೆಣ್ಣೆಯಲ್ಲಿ ಮಿಂದ ಪಾವ್‌ಭಾಜಿಯ ತವೆಯನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಂಗಳೂರು, ಮೈಸೂರುಗಳಿಗೆ ಹೋದಾಗ ಅಯ್ಯಂಗಾರ್ ಬೇಕರಿಯಿಂದ ಕಟ್ಟಿಸಿಕೊಂಡು ಬರುವ ಬೆಣ್ಣೆ ಬಿಸ್ಕತ್ತಿನ ಹೆಸರೇ ಸತ್ಯವನ್ನು ಹೇಳುತ್ತದೆ. ಖಾರ ಬನ್ನಿನ ಹೆಸರು ಹೇಳುವುದಿಲ್ಲ. ಇಂತಹ ಕಡೆ ಹಿಟ್ಟಿಗೆ ಹಾಕಿದ್ದು ಬೆಣ್ಣೆಯೋ ವನಸ್ಪತಿಯೋ ಎಂಬುದರ ಜೊತೆಗೆ ಒಲೆಯಿಂದ ತೆಗೆದ ಮೇಲೆ ಹೊಳಪಿಗೆಂದು ಸವರಿದ್ದು ಹಾಲೋ ಎಣ್ಣೆಯೋ ಎಂಬುದನ್ನೂ ಕೇಳಬೇಕು. ಗಲ್ಲೆಯ ಮೇಲೆ ಕುಳಿತವರಿಗೆ ಅದು ತಿಳಿದಿರುವುದು ಅಪರೂಪ. ಒಳಗೆ ತಟ್ಟೆಗಳನ್ನು ಇಳಿಸುತ್ತಿರುವವನನ್ನು ಕರೆಸಿ ಕೇಳಿದರೆ ಸರಿಯಾದ ಉತ್ತರ ದೊರೆಯುತ್ತದೆ.